ಕಲ್ಲಿಗೆಂದು ತೆಗೆಸಿದ ಪಿತ್ತಕೋಶದಲ್ಲಿ ಕ್ಯಾನ್ಸರ್: ಕಾಯುವುದಾ, ಮತ್ತೆ ಆಪರೇಷನ್ನಾ?

ಹೊಟ್ಟೆಯ ನಾಲ್ಕು ತೂತು ಇನ್ನೂ ಒಣಗಿರುವುದಿಲ್ಲ, ಬಯಾಪ್ಸಿ ರಿಪೋರ್ಟ್ ಬಂದು ಕೈಕಾಲು ತಣ್ಣಗಾಗುತ್ತದೆ. ಮೊದಲು ಅದರಲ್ಲಿ 'ಪಿಟಿ' (pT, ಗೆಡ್ಡೆ ಪಿತ್ತಕೋಶದ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಅನ್ನುವ ಗುರುತು) ಮುಂದೆ ಏನಿದೆ ನೋಡಿ.

ಟಿ1ಎ ಅಂದರೆ ಗೆಡ್ಡೆ ಒಳಪದರ ದಾಟಿಲ್ಲ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ, ತೆಗೆಯುವಾಗ ಚೀಲ ಒಡೆದು ಪಿತ್ತ ಚೆಲ್ಲಿಲ್ಲ ಅಂದರೆ ಆಗಿರುವ ಆಪರೇಷನ್ನೇ ಸಾಮಾನ್ಯವಾಗಿ ಸಾಕು, ಆಮೇಲೆ ಚೆಕಪ್ ಅಷ್ಟೆ.

ಟಿ1ಬಿ (ಸ್ನಾಯು ಪದರಕ್ಕೆ ಇಳಿದದ್ದು), ಟಿ2 (ಅದನ್ನೂ ದಾಟಿದ್ದು) ಆದರೆ ಲೆಕ್ಕವೇ ಬೇರೆ. ಸ್ಕ್ಯಾನಿನಲ್ಲಿ ಬೇರೆಡೆ ಹರಡಿಲ್ಲ ಅಂತಾದರೆ, ಪಿತ್ತಕೋಶ ಅಂಟಿಕೊಂಡಿದ್ದ ಲಿವರ್ ಭಾಗವನ್ನೂ ಹತ್ತಿರದ ಲಿಂಫ್ ಗಂಟುಗಳನ್ನೂ ತೆಗೆಯುತ್ತಾರೆ, ಹೆಚ್ಚಾಗಿ 4ರಿಂದ 8 ವಾರದೊಳಗೆ. ಗಾಯ ದೊಡ್ಡದು, ಖರ್ಚು ಜಾಸ್ತಿ, ಮೇಲೆ 6 ತಿಂಗಳ ಕೀಮೋ ಮಾತ್ರೆಯೂ ಬರಬಹುದು. ಆದರೂ ಟಿ2ಗೆ ಸುಮ್ನೆ ಕಾಯುವುದನ್ನು ನಾನಂತೂ ಒಪ್ಪುವುದಿಲ್ಲ. ಟಿ1ಎಗೂ ಟಿ1ಬಿಗೂ ಒಂದಕ್ಷರದ ವ್ಯತ್ಯಾಸ ಅಲ್ವಾ, ಅದಕ್ಕೇ ಬಯಾಪ್ಸಿ ತುಣುಕಿನ ಸ್ಲೈಡು, ಮೇಣದ ಬ್ಲಾಕು ಎರಡನ್ನೂ ಲ್ಯಾಬಿನಿಂದ ಇಸ್ಕೊಂಡು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸಿ.