ಖಂಡಾಲಾ ಘಾಟಿಗೆ ಯಾವ ಆಯಿಲ್: 30, 40, 60ರ ಜಗಳ

ಪುಣೆಯ ನಾನಾ ಪೇಠದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ‘ಟರ್ಬೊ ಪೆಟ್ರೋಲ್ ಗಾಡಿ, ಸ್ವಲ್ಪ ಜೋರಾಗೇ ಓಡಿಸ್ತೀವಿ’ ಅಂದರೆ ಸಾಕು, ಅಂಗಡಿಯವನ ಕೈ ಸೀದಾ ದಪ್ಪ ಆಯಿಲ್ ಇರುವ ಕಪಾಟಿಗೆ ಹೋಗುತ್ತದೆ. ಇಲ್ಲಿಯ ಬಿಸಿಲಿಗೆ ತೆಳು ಆಯಿಲ್ ತಡೆಯೋದಿಲ್ಲ ಅನ್ನುವುದು ಅವನ ವಾದ. ಸರ್ವಿಸ್ ಸೆಂಟರಿಗೆ ಹೋದರೆ 5ಡಬ್ಲ್ಯೂ-30 ಬಿಟ್ಟು ಬೇರೆ ಮಾತೇ ಇಲ್ಲ. ಇಬ್ಬರೂ ಕ್ಯಾನಿನ ಮುಂಭಾಗದ ಅಂಕಿಯನ್ನಷ್ಟೇ ಓದುತ್ತಾರೆ. ಬೇಕಾದ ವಿಷಯ ಇರುವುದು ಹಿಂಭಾಗದಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ.

ಹೋಲಿಕೆಗೆ ಇಟ್ಟುಕೊಂಡ ಎಂಜಿನ್ ಫೋಕ್ಸ್‌ವ್ಯಾಗನ್ ಬಳಗದ ಇಎ888, 2 ಲೀಟರ್ ಟಿಎಸ್‌ಐ. 2020ರಲ್ಲಿ ಭಾರತಕ್ಕೆ 200 ಮಾತ್ರ ಬಂದ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 245ರಲ್ಲಿ ಇರುವುದು ಇದೇ: 245 ಅಶ್ವಶಕ್ತಿ, 370 ನ್ಯೂಟನ್ ಮೀಟರ್ ಟಾರ್ಕ್. 2017ರ ವಿಆರ್‌ಎಸ್ 230ರದ್ದೂ, ಪೋಲೊ ಜಿಟಿಐನ 1.8 ಲೀಟರ್ ಎಂಜಿನ್ನೂ ಇದೇ ಮನೆತನ. ಕಾರು ಒಂದೇ, ಫಿಲ್ಟರ್ ಒಂದೇ ಕಂಪನಿಯದು, ರಸ್ತೆಗಳೂ ಅವೇ: ವಾರವಿಡೀ ಹಿಂಜವಡಿ ಟ್ರಾಫಿಕ್, ನಡುನಡುವೆ ಖಂಡಾಲಾ ಘಾಟಿ, ತಿಂಗಳಿಗೊಮ್ಮೆ ಖಂಬಾಟ್ಕಿ ದಾಟಿ ಬೆಳಗಾವಿ. ಒಂದೊಂದು ಆಯಿಲ್ 5,000 ಕಿ.ಮೀ. ಸಾವಿರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ನೋಡಿದ್ದು, ಆಯಿಲ್ ಬಿಸಿಯನ್ನು ಡ್ಯಾಶ್‌ಬೋರ್ಡಿನಲ್ಲಿ ಓದಿದ್ದು. ಒಂದೇ ಕಾರಿನ ಫಲಿತಾಂಶ ಅನ್ನುವುದನ್ನು ಮರೆಯದೆ ಮುಂದಿನದನ್ನು ಓದಿ.

ಅಂಕಿಯ ಹಿಂದಿನ ಅಂಕಿ

‘ಡಬ್ಲ್ಯೂ’ ಮುಂದಿನ ಅಂಕಿ ಚಳಿಯದು. 5ಡಬ್ಲ್ಯೂ ಅಂದರೆ ಮೈನಸ್ 30 ಡಿಗ್ರಿಯಲ್ಲೂ ಎಂಜಿನ್ ತಿರುಗಲು ಬಿಡುವಷ್ಟು ತೆಳು. ಪುಣೆಯ ಜನವರಿ ಬೆಳಗ್ಗೆ ಹತ್ತು ಡಿಗ್ರಿಗೆ ಇಳಿದರೆ ಹೆಚ್ಚು, ಹಾಗಾಗಿ ಆ ಅಂಕಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಿಂದಿನ ಅಂಕಿ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದ ಅನ್ನುವುದು. 30 ಅಂದರೆ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗೆ, 40 ಅಂದರೆ 12.5ರಿಂದ 16.3, 60 ಅಂದರೆ 21.9ರಿಂದ 26.1. ಪಟ್ಟಿ ಅಗಲ ಇರುವುದರಿಂದ ಮೋಸವೂ ಇಲ್ಲೇ. 12ರ ಒಂದು 30 ಮತ್ತು 13ರ ಒಂದು 40 ಪಕ್ಕದ ಮನೆಯವರು. 13ರ 40 ಮತ್ತು 16ರ 40 ಬೇರೆ ಬೇರೆ ಓಣಿಯವರು.

ಇದಕ್ಕಿಂತ ಮುಖ್ಯವಾದದ್ದು ಎಚ್‌ಟಿಎಚ್‌ಎಸ್. 150 ಡಿಗ್ರಿ ಬಿಸಿಯಲ್ಲಿ, ಬೇರಿಂಗಿನ ಸಂದಿಯಲ್ಲಿ ಅರೆದಂತೆ ಅರೆದಾಗ ಆಯಿಲಿನಲ್ಲಿ ಉಳಿಯುವ ಮಂದ ಅದು. ಮಾಮೂಲಿ 5ಡಬ್ಲ್ಯೂ-30ಗೆ 2.9 ಇದ್ದರೂ ಪಾಸ್. ಆದರೆ ಯುರೋಪಿನ ಕಾರು ತಯಾರಕರ ಸಂಘ ಎಸಿಇಎಯ ದರ್ಜೆಗಳಾದ ಸಿ3 ಅಥವಾ ಎ3/ಬಿ4 ಎಂದು ಬರೆದಿದ್ದರೆ ಕನಿಷ್ಠ 3.5 ಇರಲೇಬೇಕು, ಮುಂದೆ 30 ಇರಲಿ 40 ಇರಲಿ. ಫೋಕ್ಸ್‌ವ್ಯಾಗನ್ 504 00 ಅಪ್ರೂವಲ್ ಇರುವ 5ಡಬ್ಲ್ಯೂ-30 ಕೂಡ ಈ 3.5ರ ಗೆರೆ ದಾಟಿದ್ದೇ. ಅಂಗಡಿಯವನು ‘ತೆಳು’ ಅಂತ ಮೂಗು ಮುರಿಯುವ ಆಯಿಲ್ ಹಾಗಾಗಿ ಅಷ್ಟೇನೂ ತೆಳುವಲ್ಲ.

5ಡಬ್ಲ್ಯೂ-30, 504 00

ಸರ್ವಿಸ್ ಸೆಂಟರಿನ ಆಯಿಲ್ ಇದೇ ಜಾತಿಯದು. ಎಂಜಿನ್ ನುಣುಪಾಗಿ ತಿರುಗುತ್ತದೆ, ಹೈವೇಯಲ್ಲಿ ಮೈಲೇಜಿಗೂ ಕೊರತೆಯಿಲ್ಲ. ಸಾತಾರಾ ಹಾದು ಕೊಲ್ಹಾಪುರದವರೆಗೆ ಒಂದೇ ಸಮ ಓಡಿಸಿದಾಗ ಆಯಿಲ್ ಬಿಸಿ ನೂರರ ಆಸುಪಾಸಿನಲ್ಲೇ ಇತ್ತು. ಖಂಡಾಲಾ ಏರಿನಲ್ಲಿ ಎಸಿ ಹಾಕಿಕೊಂಡು, ಟ್ರಕ್ಕುಗಳ ಹಿಂದೆ ನಿಂತು ನುಗ್ಗಿ ಮಾಡುವಾಗ 112–115 ಮುಟ್ಟಿತು. ಅದರಿಂದ ಏನೂ ಕೆಡುವುದಿಲ್ಲ. ಸಿಂಥೆಟಿಕ್ ಆಯಿಲಿಗೆ ಚಿಂತೆ ಶುರುವಾಗುವುದು 130 ದಾಟಿ ಅಲ್ಲೇ ನಿಂತರೆ.

ತೊಂದರೆ ಕಂಡದ್ದು ಊರೊಳಗೆ. 504 00 ಆಯಿಲ್ ಸಿ3 ದರ್ಜೆಯದೇ. ಸಿ3 ಆಯಿಲಿನಲ್ಲಿ ಬೂದಿ ಕಡಿಮೆ ಇರಬೇಕು ಅನ್ನುವ ನಿಯಮವಿದೆ, ಸಲ್ಫೇಟೆಡ್ ಬೂದಿ 0.8 ಶೇಕಡಾ ಮೀರುವಂತಿಲ್ಲ. ಎಕ್ಸಾಸ್ಟಿನ ಪಾರ್ಟಿಕ್ಯುಲೇಟ್ ಫಿಲ್ಟರ್ ಕಟ್ಟಿಕೊಳ್ಳದಿರಲಿ ಅಂತ ಈ ಏರ್ಪಾಡು. ಅದರ ಬೆಲೆಯಾಗಿ ಆಮ್ಲ ತಿನ್ನುವ ಶಕ್ತಿ, ಅಂದರೆ ಟಿಬಿಎನ್, ಕಡಿಮೆ ಬೀಳುತ್ತದೆ: ಸಿ3ಗೆ 6 ಇದ್ದರೆ ಸಾಕು, ಎ3/ಬಿ4ಗೆ ಕನಿಷ್ಠ 10 ಬೇಕು. ಬಿಎಸ್6 ಪೆಟ್ರೋಲಿನಲ್ಲಿ ಗಂಧಕ 10 ಪಿಪಿಎಂಗೆ ಇಳಿದಿರುವುದರಿಂದ ಮೊದಲಿನಷ್ಟು ಆಮ್ಲ ಹುಟ್ಟುವುದಿಲ್ಲ ನಿಜ. ಆದರೆ ಓಡೋಮೀಟರ್ ಎಣಿಸುವುದು ಕಿಲೋಮೀಟರು, ಆಯಿಲ್ ಸವೆಯುವುದು ಗಂಟೆಗಳಲ್ಲಿ. ಮುಂಬೈಯ ಅಂಧೇರಿ–ಬಿಕೆಸಿ ಓಡಾಟದಲ್ಲಿ ಸರಾಸರಿ ವೇಗ ಗಂಟೆಗೆ 20 ಇದ್ದರೆ 10,000 ಕಿ.ಮೀ. ಅಂದರೆ 500 ಗಂಟೆ. ಬೆಳಗಾವಿ ಹೈವೇಯಲ್ಲಿ ಸರಾಸರಿ 70 ಸಿಕ್ಕರೆ ಅದೇ ದೂರ 143 ಗಂಟೆ. ಇವೆರಡಕ್ಕೂ ಸರ್ವಿಸ್ ಪುಸ್ತಕದಲ್ಲಿ ಒಂದೇ ಮುದ್ರೆ!

5,000 ಕಿ.ಮೀ.ಗೆ ಡಿಪ್‌ಸ್ಟಿಕ್ಕಿನಲ್ಲಿ ಸುಮಾರು ಕಾಲು ಲೀಟರ್ ಇಳಿದಿತ್ತು. ಟರ್ಬೊ ಎಂಜಿನ್ನಿಗೆ ಇದು ಲೆಕ್ಕಕ್ಕೇ ಇಲ್ಲ.

0ಡಬ್ಲ್ಯೂ-40 ಮತ್ತು 5ಡಬ್ಲ್ಯೂ-40

ನಿಜವಾದ ಪೈಪೋಟಿ ಈ ಎರಡರ ನಡುವೆ. 0ಡಬ್ಲ್ಯೂ-40ಗೆ ಮೊಬಿಲ್ 1 ಎಫ್‌ಎಸ್, 5ಡಬ್ಲ್ಯೂ-40ಗೆ ಮೋಟುಲ್ 8100 ಎಕ್ಸ್-ಸೆಸ್. ಎರಡರಲ್ಲೂ ಎ3/ಬಿ4, ಫೋಕ್ಸ್‌ವ್ಯಾಗನ್ 502 00, ಮರ್ಸಿಡಿಸ್ 229.5, ಪೋರ್ಶೆ ಎ40. ಕೊನೆಯದಕ್ಕೆ ಹೆಚ್ಚು ಬೆಲೆ ಕೊಡಿ. ಎ40 ಸಿಗಬೇಕಾದರೆ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಿನ ಓಟವನ್ನೇ ಬೆಂಚಿನ ಮೇಲೆ ಎಂಜಿನ್ನಿಗೆ ಮಾಡಿಸಿ, ಆಮೇಲೆ ಬಿಚ್ಚಿ ನೋಡುತ್ತಾರೆ. ಪೋರ್ಶೆ ಕೇಮನ್ ಕಾರು ಇಲ್ಲದವರಿಗೂ ಈ ಪರೀಕ್ಷೆಯ ಲಾಭ ಪುಕ್ಕಟೆ.

100 ಡಿಗ್ರಿಯಲ್ಲಿ ಮೊಬಿಲ್ 13ರ ಆಸುಪಾಸು, ಮೋಟುಲ್ 14ರ ಆಸುಪಾಸು. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಚೈನಿನ ಕಡೆಯಿಂದ ಬರುವ ಒಂದು ಕ್ಷಣದ ಗರಗರ 0ಡಬ್ಲ್ಯೂ-40 ಇದ್ದಾಗ ಕಿವಿಗೆ ಬೀಳಲೇ ಇಲ್ಲ. 5ಡಬ್ಲ್ಯೂ-40 ಇದ್ದಾಗ ಚಳಿಗಾಲದಲ್ಲಿ ಎರಡು ಮೂರು ಸಲ ಕೇಳಿತು, ಅಷ್ಟೇ. ಘಾಟಿಯಲ್ಲಿ ಬಿಸಿಯ ವ್ಯತ್ಯಾಸ ಹೇಳುವಷ್ಟಿರಲಿಲ್ಲ.

ವ್ಯತ್ಯಾಸ ಎದ್ದು ಕಂಡದ್ದು ಮಳೆಗಾಲದಲ್ಲಿ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ತಣ್ಣಗಿರುವಾಗ ಸಿಲಿಂಡರ್ ಗೋಡೆಗೆ ಬಡಿದ ಪೆಟ್ರೋಲ್ ರಿಂಗ್ ದಾಟಿ ಸಂಪಿಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳಿಯುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಿ ಅರ್ಧ ಗಂಟೆ ಓಡಿದರೆ ಆವಿಯಾಗಿ ಹೋಗುತ್ತದೆ. ಎರಡು ಕಿ.ಮೀ. ಹೋಗಿ ನಿಲ್ಲಿಸುವ ಕಾರಿನಲ್ಲಿ ಅಲ್ಲೇ ಉಳಿಯುತ್ತದೆ. ಈಗಿನ ಇ20 ಪೆಟ್ರೋಲಿನ ಎಥನಾಲ್ ನೀರನ್ನೂ ಜೊತೆಗೆ ಹಿಡಿದಿಟ್ಟುಕೊಳ್ಳುತ್ತದೆ. ಪೆಟ್ರೋಲ್ ಬೆರೆತ ಆಯಿಲ್ ತೆಳುವಾಗುತ್ತಾ ಹೋಗುವಾಗ 14ರಿಂದ ಹೊರಟದ್ದಕ್ಕೆ ಇಳಿಯಲು ಜಾಗ ಜಾಸ್ತಿ, 13ರಿಂದ ಹೊರಟದ್ದು ಬೇಗ 30ರ ಪಟ್ಟಿಯೊಳಗೆ ಬೀಳುತ್ತದೆ. ಡಿಪ್‌ಸ್ಟಿಕ್ ಒರೆಸಿದ ಟಿಶ್ಯೂ ಕಾಗದವನ್ನು ಮೂಗಿನ ಹತ್ತಿರ ಹಿಡಿದರೆ ತಿಳಿಯುತ್ತದೆ: ಪೆಟ್ರೋಲ್ ವಾಸನೆ ಘಾಟಾಗಿ ಬಂದರೆ, ಮಟ್ಟ ಇಳಿಯುವ ಬದಲು ಏರಿದ್ದರೆ, ಕಿ.ಮೀ. ಎಷ್ಟೇ ಆಗಿರಲಿ ಆಯಿಲ್ ಬದಲಿಸಿ.

ಮಳೆಗಾಲದ ಇನ್ನೊಂದು ಗಾಬರಿ ಗೋವಾ, ಮುಂಬೈ ಕಡೆ ಜಾಸ್ತಿ. ಆಯಿಲ್ ತುಂಬುವ ಮುಚ್ಚಳ ತೆಗೆದರೆ ಒಳಗೆ ಮಜ್ಜಿಗೆ ನೊರೆಯಂಥದ್ದು ಅಂಟಿರುತ್ತದೆ. ಹೆಡ್ ಗ್ಯಾಸ್ಕೆಟ್ ಹೋಯಿತು ಅಂತ ಎದೆ ಬಡಿದುಕೊಳ್ಳುವ ಮುಂಚೆ ಕೂಲಂಟ್ ಮಟ್ಟ ನೋಡಿ. ಅದು ಇಳಿದಿಲ್ಲದಿದ್ದರೆ, ಡಿಪ್‌ಸ್ಟಿಕ್ಕಿನ ಆಯಿಲ್ ಕಂದು ಬಣ್ಣದಲ್ಲೇ ಇದ್ದರೆ, ಹೈವೇಯಲ್ಲಿ ನಲವತ್ತು ಕಿ.ಮೀ. ಓಡಿಸಿ ಬಂದು ಮತ್ತೆ ತೆಗೆದು ನೋಡಿ. ನೊರೆ ಮಾಯವಾಗಿದ್ದರೆ ಅದು ಗಾಳಿಯ ತೇವ.

ಪಾರ್ಟಿಕ್ಯುಲೇಟ್ ಫಿಲ್ಟರ್ ಇಲ್ಲದ, ಊರೊಳಗೆ ಹೆಚ್ಚು ಓಡುವ ಗಾಡಿಗೆ ನಮ್ಮ ಓಟು 5ಡಬ್ಲ್ಯೂ-40ಗೆ. ವಾರಕ್ಕೆರಡು ಸಲ ಉದ್ದ ಓಡಿಸುವವರು 0ಡಬ್ಲ್ಯೂ-40 ಹಾಕಿದರೂ ಕಳೆದುಕೊಳ್ಳುವುದೇನಿಲ್ಲ. ಫಿಲ್ಟರ್ ಇರುವ ಗಾಡಿಗೆ ಇವೆರಡೂ ಬೇಡ, ಸಿ3ಯಲ್ಲೇ ಇರಿ. ವಾರಂಟಿ ಇನ್ನೂ ಇದ್ದರೆ ಮ್ಯಾನುಯಲ್ಲಿನ ನಂಬರ್ ಬಿಟ್ಟು ಅತ್ತಿತ್ತ ನೋಡಬೇಡಿ. ಕ್ಯಾನಿನ ಮೇಲೆ ‘ಅಪ್ರೂವಲ್’ ಅಂತ ಇರಬೇಕು. ‘ಮೀಟ್ಸ್’, ‘ರೆಕಮೆಂಡೆಡ್ ಫಾರ್’ ಅನ್ನುವುದು ತಯಾರಕರ ಸ್ವಂತ ಮಾತು, ಕಾರ್ ಕಂಪನಿಯ ಸಹಿಯಲ್ಲ.

10ಡಬ್ಲ್ಯೂ-60: ಅರ್ಧಕ್ಕೇ ನಿಂತ ಪ್ರಯೋಗ

1,500 ಕಿ.ಮೀ.ಗೆ ಇಳಿಸಿ ಹಾಕಿದ್ದು ಇದೊಂದನ್ನೇ. 40 ಡಿಗ್ರಿಯಲ್ಲಿ ಇದರ ಮಂದ 0ಡಬ್ಲ್ಯೂ-40ಗಿಂತ ಸುಮಾರು ಎರಡು ಪಟ್ಟು. ಬೆಳಗ್ಗೆ ಎಂಜಿನ್ ಎದ್ದೇಳುವಾಗಲೇ ಮೈ ಭಾರ. ಇಎ888ರ ಆಯಿಲ್ ಪಂಪು ಎರಡು ಹಂತದ್ದು, ಕ್ಯಾಮ್ ಹೊಂದಿಸುವ ಹೈಡ್ರಾಲಿಕ್ ದಾರಿಗಳು ಸಣ್ಣವು. ಎಲ್ಲವೂ ಇಷ್ಟು ದಪ್ಪವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ. ಘಾಟಿಯಲ್ಲಿ ಬಿಸಿ ಇಳಿಯುವ ಬದಲು ನಾಲ್ಕೈದು ಡಿಗ್ರಿ ಮೇಲೇ ಹೋಯಿತು. ದಪ್ಪ ಆಯಿಲನ್ನು ಅರೆಯುವ ಶ್ರಮವೇ ಬಿಸಿಯಾಗಿ ಹೊರಬರುತ್ತದೆ, ಹರಿವು ಕಡಿಮೆಯಾದ್ದರಿಂದ ಬೇರಿಂಗಿನ ಬಿಸಿಯನ್ನು ಹೊತ್ತೊಯ್ಯುವುದೂ ನಿಧಾನ.

ಇದು ಆಯಿಲಿನ ತಪ್ಪಲ್ಲ. ಬಿಎಂಡಬ್ಲ್ಯೂ ಎಂ ವಿಭಾಗದ ಹಳೆಯ ಎಂಜಿನ್ನುಗಳು, ಇ92 ಎಂ3ಯ 4 ಲೀಟರ್ ವಿ8ನಂಥವು, 8,000 ಆರ್‌ಪಿಎಂ ದಾಟಿ ತಿರುಗುತ್ತವೆ. ಅವಕ್ಕೆ ಕಂಪನಿಯೇ 10ಡಬ್ಲ್ಯೂ-60 ಹೇಳಿದೆ. ಅದರ ನಂತರ ಬಂದ ಎಫ್80 ಎಂ3ಯ ಟರ್ಬೊ ಎಂಜಿನ್ನಿಗೆ ಅದೇ ಕಂಪನಿ ಮತ್ತೆ ತೆಳು ಆಯಿಲಿಗೇ ಬಂತು. ಸ್ಪೋರ್ಟ್ಸ್ ಕಾರು ಅಂದ ಮಾತ್ರಕ್ಕೆ 60 ಅನ್ನುವುದು ಎಲ್ಲೂ ಬರೆದಿಲ್ಲ.

ಘಾಟಿ ಏರುವಾಗ

ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐಯ ಎಸ್‌ಪಿ ದರ್ಜೆ 2020ರಲ್ಲಿ ಬಂತು. ಕಡಿಮೆ ಆರ್‌ಪಿಎಂನಲ್ಲಿ ಟರ್ಬೊ ಪೂರ್ತಿ ಒತ್ತಿದಾಗ ಸ್ಪಾರ್ಕಿಗೂ ಮುಂಚೆ ಮಿಶ್ರಣ ಹೊತ್ತಿಕೊಳ್ಳುವ ಪಿಡುಗಿಗೂ, ಟೈಮಿಂಗ್ ಚೈನ್ ಸವೆತಕ್ಕೂ ಅದರಲ್ಲಿ ಪರೀಕ್ಷೆ ಇದೆ. ಅಕಾಲದಲ್ಲಿ ಹೊತ್ತಿದ ಆ ಒಂದು ಏಟಿಗೆ ಪಿಸ್ಟನ್ನಿನ ಅಂಚೇ ಮುರಿಯಬಹುದು. ಆದರೆ ಆಯಿಲ್ ಅರ್ಧ ಕೆಲಸ ಮಾಡುತ್ತದೆ, ಇನ್ನರ್ಧ ಕಾಲಿನದು. ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ‘ಡಿ’ಯಲ್ಲಿದ್ದರೆ ಏರಿನಲ್ಲೂ 1,500 ಆರ್‌ಪಿಎಂನಲ್ಲಿ ಮೇಲಿನ ಗೇರಿಗೇ ಜೋತುಬೀಳುತ್ತದೆ. ಖೋಪೋಲಿ ದಾಟಿದ ಕೂಡಲೇ ‘ಎಸ್’ಗೆ ಹಾಕಿ, 2,500ರ ಮೇಲೆ ಇಡಿ.

ಮೇಲೆ ತಲುಪಿ ಲೋಣಾವಳಾದ ಚಿಕ್ಕಿ ಅಂಗಡಿಯ ಮುಂದೆ ಗಕ್ಕನೆ ನಿಲ್ಲಿಸಿ ಕೀಲಿ ತಿರುಗಿಸಬೇಡಿ. ಟರ್ಬೊ ಬೇರಿಂಗಿನೊಳಗೆ ನಿಂತ ಆಯಿಲ್ ಸುಟ್ಟು ಕರಿಯಾಗುತ್ತದೆ. ಕೊನೆಯ ಒಂದೆರಡು ಕಿ.ಮೀ. ಮೆಲ್ಲಗೆ ಬಂದರೆ ಸಾಕು.

ಬದಲಿಸುವಾಗ

ಈ ಎಂಜಿನ್ನಿಗೆ ಫಿಲ್ಟರ್ ಸೇರಿ 5.7 ಲೀಟರ್. ಐದರ ಕ್ಯಾನಿನ ಜೊತೆ ಒಂದು ಲೀಟರ್ ಪ್ಯಾಕ್ ತನ್ನಿ. ಉಳಿಯುವ 300 ಮಿ.ಲೀ. ಟಾಪ್‌ಅಪ್‌ಗೆ ಡಿಕ್ಕಿಯಲ್ಲಿರಲಿ. ಎಂಜಿನ್ ಹತ್ತು ನಿಮಿಷ ಓಡಿಸಿ ಬೆಚ್ಚಗಾದ ಮೇಲೆ, ಮೊದಲು ಮೇಲಿರುವ ಫಿಲ್ಟರ್ ಕ್ಯಾಪನ್ನು 32 ಎಂಎಂ ಸಾಕೆಟ್ಟಿನಿಂದ ಎರಡು ಮೂರು ಸುತ್ತು ಸಡಿಲಿಸಿ ಬಿಡಿ. ಒಳಗಿನ ಆಯಿಲ್ ತಾನಾಗಿ ಸಂಪಿಗೆ ಇಳಿಯುತ್ತದೆ, ಇಲ್ಲದಿದ್ದರೆ ಕ್ಯಾಪ್ ತೆಗೆದಾಗ ಬೆಲ್ಟಿನ ಮೇಲೆಲ್ಲ ಸುರಿಯುತ್ತದೆ. ಡ್ರೇನ್ ಬೋಲ್ಟ್ ಹೊಸದೇ ಹಾಕಿ, ಸ್ಟೀಲ್ ಸಂಪಿಗೆ 30 ನ್ಯೂಟನ್ ಮೀಟರ್. ಪ್ಲಾಸ್ಟಿಕ್ ಸಂಪ್ ಇದ್ದರೆ ಕಾಲು ಸುತ್ತಿನ ಪ್ಲಾಸ್ಟಿಕ್ ಪ್ಲಗ್ ಬರುತ್ತದೆ, ಅದಕ್ಕೆ ಪಾನಾ ಹಾಕಿ ಬಿಗಿದರೆ ಸಂಪೇ ಸೀಳುತ್ತದೆ. ಫಿಲ್ಟರ್ ಕ್ಯಾಪಿನ ಓ-ರಿಂಗಿಗೆ ಹೊಸ ಆಯಿಲ್ ಸವರಿ 25 ನ್ಯೂಟನ್ ಮೀಟರ್.

ಮೊದಲು 5.2 ಲೀಟರ್ ಹಾಕಿ, ಒಂದು ನಿಮಿಷ ಓಡಿಸಿ ನಿಲ್ಲಿಸಿ, ಸಮ ನೆಲದಲ್ಲಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಮಿಕ್ಕಿದ್ದನ್ನು ಸ್ವಲ್ಪ ಸ್ವಲ್ಪವೇ ಸುರಿಯಿರಿ. ‘ಇರಲಿ, ಅರ್ಧ ಲೀಟರ್ ಜಾಸ್ತಿ’ ಅನ್ನುವ ಧಾರಾಳತನ ಬೇಡ. ಕ್ರ್ಯಾಂಕ್ ಕಡೆದು ನೊರೆ ಎಬ್ಬಿಸುತ್ತದೆ, ನೊರೆಗೆ ಒತ್ತಡ ನಿಲ್ಲುವುದಿಲ್ಲ.

ಮತ್ತೆ ಬದಲಿಸುವುದು 7,500 ಕಿ.ಮೀ.ಗೆ ಅಥವಾ ವರ್ಷಕ್ಕೆ, ಯಾವುದು ಮೊದಲೋ ಅದು. ಶಕ್ತಿ ಹೆಚ್ಚಿಸಲು ಟ್ಯೂನ್ ಮಾಡಿಸಿದ್ದರೆ 5,000. ಹಳೆಯ ಆಯಿಲನ್ನು ಗಟಾರಕ್ಕೆ ಚೆಲ್ಲದೆ ಗ್ಯಾರೇಜಿನ ಬ್ಯಾರಲಿಗೆ ಸುರಿಯಿರಿ. ಖಾಲಿ ಕ್ಯಾನನ್ನು ಮಾತ್ರ ಅಲ್ಲಿ ಬಿಟ್ಟು ಬರಬೇಡಿ. ಮುಚ್ಚಳ, ಲೇಬಲ್ ಚೆನ್ನಾಗಿರುವ ಖಾಲಿ ಕ್ಯಾನಿಗೆ ಭಂಗಾರವಾಲಾನ (ಗುಜರಿಯವನ) ಬಳಿ ಒಳ್ಳೆ ರೇಟಿದೆ, ಅದು ಮತ್ತೆ ತುಂಬಿಕೊಂಡು ಯಾರದೋ ಕೌಂಟರಿಗೆ ಬರುತ್ತದೆ. ಸ್ಕ್ರೂಡ್ರೈವರಿನಿಂದ ತಳಕ್ಕೆರಡು ತೂತು ಹೊಡೆದು, ಲೇಬಲ್ ಹರಿದು ಕೊಡಿ.