ನಾಲ್ಕು ಎಲೆಯ ಪೋಕರ್ ಕ್ಲಬ್‌ಗೆ ದುಡ್ಡು ಹಾಕುವ ಮೊದಲು

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹುಡುಗರ ಮೊಬೈಲಿಗೆ ಒಂದು ಲಿಂಕ್ ಓಡಾಡುತ್ತಿದೆ. ಒಮಾಹಾ ಅನ್ನುವ ನಾಲ್ಕು ಎಲೆಯ ಪೋಕರ್ ಕ್ಲಬ್, ಹತ್ತು ರೂಪಾಯಿಯಿಂದ ಆಟ, ಗೆದ್ದ ದುಡ್ಡು ಕೂಡಲೇ ಖಾತೆಗೆ ಅಂತ. ಕಳಿಸುವವನು ಹೆಚ್ಚಾಗಿ ಪರಿಚಯದವನೇ ಆಗಿರುತ್ತಾನೆ, ಜನ ಸೇರಿಸಿದ್ದಕ್ಕೆ ಅವನಿಗೂ ಕಮಿಷನ್ ಉಂಟು. ನನ್ನ ಸೋದರತ್ತೆಯ ಮಗ ಹೀಗೆ ಸೇರಿಕೊಂಡು ಎರಡೂವರೆ ಲಕ್ಷ ಕಳೆದುಕೊಂಡ. ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಬೇಡ.

ದಡ್ಡನಲ್ಲ ಅವನು. ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತ ತೋಟವನ್ನೂ ನೋಡಿಕೊಳ್ಳುವ ಹುಡುಗ. ಮದುವೆ ಮನೆಯಲ್ಲಿ ರಾತ್ರಿಯಿಡೀ ಇಸ್ಪೀಟಿಗೆ ಕೂತರೂ ಯಾರ ಕೈಯಲ್ಲಿ ಯಾವ ಎಲೆ ಉಳಿದಿದೆ ಅಂತ ಹೇಳಬಲ್ಲವನು. ಆ ಧೈರ್ಯವೇ ಇಲ್ಲಿ ಮುಳುವಾಯಿತು. ‘ನಂಗೆ ಇಸ್ಪೀಟು ಬರ್ತು’ ಅನ್ನುವವರಿಗಾಗಿಯೇ ಆಟದ ನಿಯಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಾಮಾನ್ಯವಾಗಿ ಎಲ್ಲರೂ ಕಂಡಿರುವ ಪೋಕರ್ ಅಂದರೆ ಟೆಕ್ಸಾಸ್ ಹೋಲ್ಡೆಮ್. ಅದರಲ್ಲಿ ಕೈಗೆ ಎರಡು ಎಲೆ. ಒಮಾಹಾದಲ್ಲಿ ನಾಲ್ಕು. ಎರಡರಲ್ಲೂ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೇಜಿನ ಮೇಲೆ ಬಿಚ್ಚುತ್ತಾರೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಎಲೆ ಹಂಚಿದ ಕೂಡಲೇ ಒಂದು ಸುತ್ತು ಪಣ, ಪ್ರತಿ ಸಲ ಬಿಚ್ಚಿದಾಗಲೂ ಒಂದೊಂದು ಸುತ್ತು, ಒಟ್ಟು ನಾಲ್ಕು. ಕೊನೆಗೆ ಯಾರ ಐದು ಎಲೆಯ ಜೋಡಣೆ ದೊಡ್ಡದೋ ಅವರು ಗೆದ್ದಂತೆ. ಹೋಲ್ಡೆಮ್‌ನಲ್ಲಿ ಕೈಯ ಒಂದೇ ಎಲೆ ಸೇರಿಸಿ ಐದು ಮಾಡಿಕೊಂಡರೂ ನಡೆಯುತ್ತದೆ. ಒಮಾಹಾದಲ್ಲಿ ಕೈಯಿಂದ ಎರಡೇ, ಮೇಜಿನಿಂದ ಮೂರೇ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಅವನು ಮೊಬೈಲಿನಲ್ಲಿ ಉಳಿದಿದ್ದ ಒಂದು ಆಟವನ್ನು ನನಗೆ ತೋರಿಸಿದ. ಕೈಯಲ್ಲಿ ಇಸ್ಪೀಟ್ ಎಕ್ಕ, ಆಟಿನ್ ಎಕ್ಕ, ಡೈಮಂಡ್ ಗುಲಾಮ, ಕಳಾವರ್ ಒಂಬತ್ತು. ಮೇಜಿನ ಮೇಲೆ ಮೊದಲು ಬಿಚ್ಚಿದ ಮೂರೂ ಇಸ್ಪೀಟ್: ರಾಜ, ಎಂಟು, ಮೂರು. ಆಮೇಲೆ ಡೈಮಂಡ್ ಐದು, ಕೊನೆಗೆ ಇಸ್ಪೀಟ್ ಎರಡು. ಮೇಜಿನ ನಾಲ್ಕು ಇಸ್ಪೀಟಿಗೆ ತನ್ನ ಎಕ್ಕ ಸೇರಿ ಎಲ್ಲರಿಗಿಂತ ದೊಡ್ಡ ಫ್ಲಶ್ (ಐದೂ ಒಂದೇ ಜಾತಿಯ ಎಲೆ) ಆಯಿತು ಅಂತ ಅವನ ಲೆಕ್ಕ. ಹೋಲ್ಡೆಮ್ ಆಗಿದ್ದರೆ ಸರಿ. ಇಲ್ಲಿ ಕೈಯಲ್ಲಿ ಎರಡು ಇಸ್ಪೀಟ್ ಇರಲೇಬೇಕು, ಇದ್ದದ್ದು ಒಂದು. ಎದುರಿನವನು ಇಸ್ಪೀಟ್ ಏಳು, ಆರು ತೋರಿಸಿ ಎಲ್ಲವನ್ನೂ ಬಾಚಿಕೊಂಡ. ಇವನ ಹೆಸರಿನ ಕೆಳಗೆ ಬಂದದ್ದು ಬರೀ ಎಕ್ಕದ ಜೋಡಿ. ‘ಎಕ್ಕ ಯನ್ನ ಹತ್ರನೇ ಇತ್ತು ಭಾವಾ’ ಅನ್ನುವಾಗ ಅವನ ದನಿ ಬಿದ್ದುಹೋಗಿತ್ತು.

ಇನ್ನು ಪಣದ ವಿಷಯ. ಒಮಾಹಾವನ್ನು ಹೆಚ್ಚಾಗಿ ಪಾಟ್ ಲಿಮಿಟ್ ಅಂತ ಆಡುತ್ತಾರೆ: ಒಂದು ಸಲಕ್ಕೆ ಪಾಟ್‌ನಲ್ಲಿ, ಅಂದರೆ ಎಲ್ಲರೂ ಹಾಕಿ ನಡುವೆ ಸೇರಿದ ಪಣದಲ್ಲಿ, ಇರುವಷ್ಟನ್ನು ಮಾತ್ರ ಏರಿಸಬಹುದು. ಮಿತಿ ಇದೆಯಲ್ಲ, ಒಂದೇ ಏಟಿಗೆ ಎಲ್ಲ ಹೋಗುವುದಿಲ್ಲ ಅಂತ ಹೊಸಬರು ನಂಬುತ್ತಾರೆ. ಲೆಕ್ಕ ಹಾಕಿ ನೋಡಿ. 5 ಮತ್ತು 10 ರೂಪಾಯಿ ಕಡ್ಡಾಯ ಪಣದ ಮೇಜಿನಲ್ಲಿ ಮೊದಲು ಏರಿಸುವವನು 10 ಸರಿಗಟ್ಟಿದರೆ ಪಾಟ್ 25, ಅದರ ಮೇಲೆ ಇನ್ನೊಂದು 25, ಹೀಗೆ 35ರ ತನಕ ಹೋಗಬಹುದು. ಮೂವರು 35 ಹಾಕಿದರೆ ಪಾಟ್ ನೂರು ದಾಟಿತು. ಮೂರು ಎಲೆ ಬಿಚ್ಚಿದ ಮೇಲೆ ಒಬ್ಬ 100 ಕಟ್ಟಿ ಇನ್ನೊಬ್ಬ ಸರಿಗಟ್ಟಿದರೆ ಪಾಟ್ 300. ಮುಂದಿನ ಸುತ್ತಿಗೆ 900. ಕೊನೆಯ ಸುತ್ತಿಗೆ 2,700. ಹತ್ತು ರೂಪಾಯಿಯ ಆಟ ಅಂತ ಕೂತವನ ಕೈಯಿಂದ ಒಂದೇ ಆಟಕ್ಕೆ 1,300ಕ್ಕೂ ಮೇಲೆ ಹೋಯಿತು. ನಡುವೆ ಯಾರಾದರೂ ಏರಿಸಿದರೆ ಇನ್ನೂ ಬೇಗ: ಪಾಟ್‌ನಲ್ಲಿ 100 ಇದ್ದು ಎದುರಿನವನು 100 ಕಟ್ಟಿದರೆ, ನೀವು 100 ಸರಿಗಟ್ಟಿ, ಆಗ 300 ಆದ ಪಾಟ್‌ನಷ್ಟೇ ಏರಿಸಿ, ಅದನ್ನು 400ಕ್ಕೆ ಒಯ್ಯಬಹುದು. ನಾನು ಹೇಳಿದ ಇಸ್ಪೀಟ್ ಎಕ್ಕದ ಆಟ ನಡೆದದ್ದು 50 ಮತ್ತು 100ರ ಮೇಜಿನಲ್ಲಿ. ಎಲ್ಲ ಅಂಕಿಗೂ ಒಂದೊಂದು ಸೊನ್ನೆ ಸೇರಿಸಿಕೊಳ್ಳಿ.

ಇಷ್ಟು ನಿಯಮ ಕಲಿತರೆ ಸಾಕಲ್ಲ ಅಂತ ಕೇಳಬಹುದು. ಅವನೂ ಕಲಿತ. ಕಲಿತ ಮೇಲೆ ಐದು ಎಲೆಯ ಒಮಾಹಾಕ್ಕೆ ಕರೆದರು. ಒಂದೇ ಮೇಜಿನಲ್ಲಿ ಮೂವರು ಒಳಗೊಳಗೇ ಫೋನಿನಲ್ಲಿ ಮಾತಾಡಿಕೊಂಡು ಕೂತರೆ 52ರಲ್ಲಿ 15 ಎಲೆ ಅವರಿಗೆ ಗೊತ್ತು. ನಿಮಗೆ ಗೊತ್ತಿರುವುದು ನಿಮ್ಮ ಐದು. ಇಬ್ಬರು ಎರಡೂ ಕಡೆಯಿಂದ ಏರಿಸುತ್ತ ಹೋಗುತ್ತಾರೆ, ನಡುವೆ ಸಿಕ್ಕವನು ಪ್ರತಿ ಸಲವೂ ಹೊಸದಾಗಿ ಹಾಕಬೇಕು, ಇಲ್ಲವೇ ಹಾಕಿದ್ದನ್ನು ಬಿಟ್ಟೇಳಬೇಕು. ಮದುವೆ ಮನೆಯ ಜಮಖಾನೆಯ ಮೇಲೆ ಎದುರಿನವನ ಮುಖ ಕಾಣುತ್ತದೆ, ಇಲ್ಲಿ ಕಾಣುವುದು ಒಂದು ಅಡ್ಡಹೆಸರು ಮಾತ್ರ. ಇದೆಲ್ಲದರ ಮೇಲೆ ಪಾಟ್‌ನಿಂದ ಕ್ಲಬ್ ತನ್ನ ಪಾಲನ್ನು ಮುರಿದುಕೊಳ್ಳುತ್ತದೆ.

ದೊಡ್ಡ ಪೆಟ್ಟು ಅಂದೆನಲ್ಲ, ಅದು ಇದು. ಕ್ಲಬ್‌ಗೆ ದುಡ್ಡು ಹೋಗುವುದು ಏಜೆಂಟ್ ಕೊಡುವ ಯುಪಿಐಗೆ, ಪ್ರತಿ ಸಲ ಬೇರೆ ಬೇರೆ ಹೆಸರು. ಗೆದ್ದ ದುಡ್ಡು ಬರುವುದೂ ಹಾಗೆಯೇ. ಮೊದಮೊದಲು ಸಣ್ಣ ಮೊತ್ತ ತಕ್ಷಣ ಬಂತು, ನಂಬಿಕೆ ಬೆಳೆಯಿತು. ಹಾಗೆ ಬಂದ ಹಣದಲ್ಲಿ ಒಂದಿಷ್ಟು ಬೇರೆ ರಾಜ್ಯದಲ್ಲಿ ಯಾರಿಗೋ ಮೋಸ ಮಾಡಿ ದೋಚಿದ್ದಂತೆ. ಅಲ್ಲಿಯ ಸೈಬರ್ ಪೊಲೀಸರು ಹಣದ ಜಾಡು ಹಿಡಿದಾಗ ಇವನ ಖಾತೆಯೂ ಸಿಕ್ಕಿತು, ಖಾತೆ ಫ್ರೀಜ್ ಆಯಿತು. ಚಾಲಿ ಅಡಿಕೆ ಮಾರಿದ ದುಡ್ಡು ಜಮಾ ಆಗಿದ್ದದ್ದು ಅದೇ ಖಾತೆಗೆ. ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಅದಕ್ಕೆ ಬೇಕಾದ ಮೈಲುತುತ್ತು ತರಲೂ ಮನೆಯಲ್ಲಿ ದುಡ್ಡಿಲ್ಲ. ಅತ್ತೆ ನಮ್ಮ ಮನೆಗೆ ಬಂದು ಕೈಸಾಲ ಕೇಳಿದಾಗಲೇ ನಮಗೆಲ್ಲ ವಿಷಯ ತಿಳಿದದ್ದು. ಏಜೆಂಟನಿಗೆ ಮೆಸೇಜ್ ಹಾಕಿದರೆ, ಉಳಿದ ಚಿಪ್ಸ್‌ನ (ಆಟದ ಟೋಕನ್‌ಗಳ) ದುಡ್ಡು ಬೇಕಾದರೆ ಮೊದಲು ತೆರಿಗೆ ಕಟ್ಟು ಅಂದ. ಕಟ್ಟುವುದಿಲ್ಲ ಅಂದ ಮೇಲೆ ಗುಂಪಿನಿಂದಲೇ ತೆಗೆದುಹಾಕಿದರು.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವಿಲ್ಲದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುತ್ತದೆ. ದೊಡ್ಡ ಆ್ಯಪ್‌ಗಳು ದುಡ್ಡಿನ ಆಟ ನಿಲ್ಲಿಸಿದ ಮೇಲೂ ಇಂಥ ಗುಟ್ಟಿನ ಕ್ಲಬ್‌ಗಳು ಉಳಿದುಕೊಂಡಿವೆ. ಆಟ ನಡೆಸುವವರಿಗೆ ಆ ಕಾಯ್ದೆಯಲ್ಲಿ 3 ವರ್ಷದ ತನಕ ಜೈಲು, 1 ಕೋಟಿ ರೂಪಾಯಿ ತನಕ ದಂಡ ಇದೆ. ಆಡಿ ಕಳೆದುಕೊಂಡವನಿಗೆ ಅದರಲ್ಲಿ ಶಿಕ್ಷೆ ಇಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ: ಜೈಲಾದೀತು ಅಂತ ಹೆದರಿಯೇ ಅವನು ವಾರಗಟ್ಟಲೆ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ದುಡ್ಡು ಖಾತೆಯಿಂದ ಖಾತೆಗೆ ಹಾರಿ ಕೈಗೆ ಸಿಗದಂತಾಗಿತ್ತು.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಸಿಕ್ಕಿಬಿದ್ದಿದ್ದರೆ ಬೈಯುವುದು ಆಮೇಲಿರಲಿ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ಗುಂಪಿನಿಂದ ಹೊರಬರುವ ಮುನ್ನ ಏಜೆಂಟನ ನಂಬರು, ಅವನು ಕೊಟ್ಟ ಯುಪಿಐ ಐಡಿಗಳು, ಹಣ ಕಳಿಸಿದ ಮತ್ತು ಬಂದ ಪ್ರತಿ ವ್ಯವಹಾರದ ಯುಟಿಆರ್ (ಗುರುತಿನ) ಸಂಖ್ಯೆ, ಚಾಟ್, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಖಾತೆ ಫ್ರೀಜ್ ಆಗಿದ್ದರೆ ಯಾವ ಠಾಣೆ, ಯಾವ ದೂರಿನ ಸಂಖ್ಯೆ, ಎಷ್ಟು ಮೊತ್ತಕ್ಕೆ ತಡೆ ಅಂತ ಬ್ಯಾಂಕಿನಿಂದ ಬರಹದಲ್ಲೇ ಕೇಳಿ ಪಡೆಯಿರಿ. ಅಡಿಕೆ ಮಾರಿದ ಪಟ್ಟಿಯನ್ನು ಜೊತೆಗಿಟ್ಟು, ಈ ಹಣ ನಮ್ಮ ದುಡಿಮೆಯದು ಅಂತ ಆ ಠಾಣೆಗೆ ಅರ್ಜಿ ಕೊಟ್ಟಿದ್ದೇವೆ. ಉತ್ತರಕ್ಕೆ ಕಾಯುತ್ತಿದ್ದೇವೆ.