ಮಂಗಳೂರಿನ ಹಳೇ ಓಣಿಯಲ್ಲಿ ಹೊಸ ಮನೆ ಕೊಳ್ಳುವವರೇ, ಮೊದಲು ಅಲ್ಲಿ ಏನಿತ್ತು ಅಂತ ಕೇಳಿ

ಜೆಪ್ಪು, ಬೋಳಾರ, ಕುದ್ರೋಳಿ, ಮಣ್ಣಗುಡ್ಡ, ಈ ಕಡೆ ಸಣ್ಣ ಹೊಸ ಮನೆ ನೋಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಡ್ವಾನ್ಸ್ ಕೊಡುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಈ ಮನೆ ಬರುವ ಮೊದಲು ಇಲ್ಲಿ ಏನಿತ್ತು? ಬಿಲ್ಡರ್ ಹತ್ತಿರ ಅಲ್ಲ, ಪಕ್ಕದ ಮನೆಯ ಹಿರಿಯರ ಹತ್ತಿರ.

ನಮ್ಮ ಮನೆ ಬೋಳಾರದ ಒಂದು ಓಣಿಯಲ್ಲಿ ಉಂಟು. ಮೊದಲು ಅಲ್ಲಿ ಹತ್ತು ಸೆಂಟ್ಸ್ ಜಾಗದಲ್ಲಿ ಒಂದೇ ಹೆಂಚಿನ ಮನೆ. ಮನೆಯವರು ಮಾರಿದರು, ಬಿಲ್ಡರ್ ಅದನ್ನು ಕೆಡವಿ ಒಂದಕ್ಕೊಂದು ತಾಗಿದ ಹಾಗೆ ನಾಲ್ಕು ಮನೆ ಎಬ್ಬಿಸಿದರು. ತಲಾ ಎರಡೂವರೆ ಸೆಂಟ್ಸ್. ಕೆಳಗೆ ಹಾಲ್, ಅಡುಗೆಮನೆ, ಹಿಂದೆ ಒಂದು ರೂಮು, ಮೇಲೆ ಎರಡು, ಎದುರಿಗೆ ಸಣ್ಣ ಕಾರು ನಿಲ್ಲುವಷ್ಟು ಜಾಗ. ಮಂಗಳಾದೇವಿ ದೇವಸ್ಥಾನಕ್ಕೆ ನಡೆದು ಹೋಗಬಹುದು, ಬಸ್ಸು ದೂರವಿಲ್ಲ, ಫ್ಲ್ಯಾಟಿನ ಹಾಗೆ ತಿಂಗಳು ತಿಂಗಳು ಮೆಂಟೆನೆನ್ಸ್ ಕೊಡಬೇಕಿಲ್ಲ, ಕಾಲ ಕೆಳಗಿನ ನೆಲವೂ ನಮ್ಮದೇ. ಇಂಥ ಮನೆ ಬೇಕು ಅನ್ನುವ ಆಸೆಯಲ್ಲಿ ಏನೂ ತಪ್ಪಿಲ್ಲ. ಈಗಲೂ ಹಾಗೇ ಹೇಳುತ್ತೇನೆ.

ಮನೆ ತೋರಿಸಿದ್ದು ಫೆಬ್ರವರಿಯಲ್ಲಿ. ಗೋಡೆ ಒಣಗಿತ್ತು, ಪೈಂಟ್ ಹೊಸದು. ಬ್ಯಾಂಕಿನ ವಕೀಲರು ದಾಖಲೆ ನೋಡಿದರು, ವ್ಯಾಲ್ಯುಯರ್ ಬಂದು ಅಳತೆ ತೆಗೆದರು, ಸಾಲ ಪಾಸಾಯಿತು. ಜೂನಿನಲ್ಲಿ ಮಳೆ ಹಿಡಿಯಿತು. ನಮ್ಮೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೊದಲು ಗೋಡೆಯಲ್ಲಿ ಪಸೆ ಕಾಣಿಸಿತು. ಹೊಸ ಮನೆ, ಒಂದು ವರ್ಷ ಹಾಗೇ ಇರುತ್ತದೆ ಅಂದರು ಬಿಲ್ಡರ್. ಜುಲೈ ಹೊತ್ತಿಗೆ ಹಿಂದಿನ ರೂಮಿನ ಬಾಗಿಲು ನೆಲಕ್ಕೆ ಉಜ್ಜತೊಡಗಿತು. ಆಮೇಲೆ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಇಳಿಯಿತು, ಮೇಲೆ ಅಗಲ, ಕೆಳಗೆ ಸಪುರ. ಬಿಲ್ಡರ್ ಕಡೆಯವರು ಬಂದು ಪುಟ್ಟಿ ತುಂಬಿ ಪೈಂಟ್ ಹೊಡೆದು ಹೋದರು. ಅದೇ ಜಾಗದಲ್ಲಿ ಮತ್ತೆ ಬಿಟ್ಟಿತು.

ವಿಷಯ ಗೊತ್ತಾದದ್ದು ಪಕ್ಕದ ಮನೆಯ ಅಜ್ಜಿಯಿಂದ. "ನಿಮ್ಮ ಹಿಂದಿನ ರೂಮು ಇರುವಲ್ಲೇ ಅಲ್ವಾ ಅವರ ಬಾವಿ ಇದ್ದದ್ದು? ಬೇಸಿಗೆಯಲ್ಲಿ ನಾವೆಲ್ಲ ಅಲ್ಲಿಂದಲೇ ನೀರು ಸೇದುತ್ತಿದ್ದೆವು ಮಾರಾಯ್ರೆ."

ನಾವೇ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿದೆವು. ಅವರು ಗೋಡೆಯ ಹೊರಗೆ ಪಾಯದ ಪಕ್ಕ ಅಗೆಸಿದಾಗ ಹಳೇ ಮನೆಯ ಹೆಂಚಿನ ಚೂರು, ಮುರಕಲ್ಲಿನ ತುಂಡು, ಕೊಳೆತ ಮರ, ಸಿಮೆಂಟಿನ ಖಾಲಿ ಚೀಲ ಎಲ್ಲ ಸಿಕ್ಕಿತು. ಕೆಡವಿದ ಮನೆಯನ್ನೇ ಬಾವಿಗೆ ತುಂಬಿದ್ದರು. ಮಳೆಗಾಲದಲ್ಲಿ ಇಲ್ಲಿ ನೆಲದಡಿಯ ನೀರು ತುಂಬಾ ಮೇಲೆ ಬರುತ್ತದೆ, ಬೇಸಿಗೆಯಲ್ಲಿ ಕೆಳಗೆ ಹೋಗುತ್ತದೆ. ಹಾಗೆ ಏರಿ ಇಳಿಯುವಾಗ ಸಡಿಲ ಮಣ್ಣು ಕಲ್ಲಿನ ಸಂದಿಗೆ ಜಾರುತ್ತದೆ, ಮರ ಕೊಳೆತಲ್ಲಿ ಪೊಳ್ಳಾಗುತ್ತದೆ, ತುಂಬಿದ್ದೆಲ್ಲ ಕುಸಿಯುತ್ತದೆ. ಮನೆಯ ಉಳಿದ ಭಾಗ ಗಟ್ಟಿ ನೆಲದ ಮೇಲೆ ನಿಂತಿರುವುದರಿಂದ ಈ ಮೂಲೆ ಮಾತ್ರ ಇಳಿಯುತ್ತದೆ, ಗೋಡೆ ಓರೆಯಾಗಿ ಬಿಡುತ್ತದೆ. ಬಾವಿ ಮುಚ್ಚಿ ಮನೆ ಕಟ್ಟಲೇಬಾರದು ಅಂತಲ್ಲ. ಕೆಸರು ತೆಗೆದು, ಪದರ ಪದರವಾಗಿ ತುಂಬಿ ಗಟ್ಟಿ ಮಾಡಿ, ಬಾವಿಯ ಬಾಯಿ ದಾಟಿ ಆ ಕಡೆ ಈ ಕಡೆ ಗಟ್ಟಿ ನೆಲದ ಮೇಲೆ ಕೂರುವ ಹಾಗೆ ಕಾಂಕ್ರೀಟ್ ಬೀಮ್ ಹಾಕಿದರೆ ಆಗುತ್ತದೆ. ಅದಕ್ಕೆ ದುಡ್ಡು ಬೇಕು. ಇಲ್ಲಿ ಅದನ್ನು ಉಳಿಸಿದ್ದಾರೆ, ಈಗ ಆ ಹೊರೆ ನಮ್ಮ ಮೇಲೆ. ಸಿಟ್ಟು ಬರುವುದು ಅದಕ್ಕೇ. ಮಕ್ಕಳು ಮಲಗುವ ರೂಮದು.

ಇದು ಮಾಮೂಲಿ ಕಾಗದಗಳಲ್ಲಿ ಸಿಗುವುದಿಲ್ಲ. ಇಸಿಯಲ್ಲಿ (ಋಣಭಾರ ಪತ್ರ) ಮಾರಾಟ, ಅಡಮಾನ ಇರುತ್ತದೆ, ಬಾವಿ ಇರುವುದಿಲ್ಲ. ಬ್ಯಾಂಕಿನವರು ನೋಡುವುದು ಅವರ ಸಾಲ ವಾಪಸ್ ಬರುತ್ತದಾ ಅಂತ. ಹಾಗಾಗಿ ಹಳೇ ಪಾಲುಪಟ್ಟಿಯೋ ಕ್ರಯಪತ್ರವೋ ಇದ್ದರೆ ಕೇಳಿ ಓದಿ, ಕೆಲವೊಮ್ಮೆ "ಬಾವಿ, ಮರಮಟ್ಟು ಸಹಿತ" ಅಂತ ಅದರಲ್ಲಿ ಬರೆದಿರುತ್ತಾರೆ. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಹಾಕಿದರೆ ಹಿಂದಿನ ವರ್ಷಗಳ ಚಿತ್ರ ನೋಡಬಹುದು. ಹಳೇ ಮನೆ ಎಲ್ಲಿತ್ತು, ಅಂಗಳ ಎಲ್ಲಿತ್ತು ಗೊತ್ತಾಗುತ್ತದೆ. ಈ ಭಾಗದ ಹಳೇ ಮನೆಯಲ್ಲಿ ಬಾವಿ ಇಲ್ಲದೇ ಇರುವುದು ಕಡಿಮೆ. ಬಾವಿ ಇತ್ತು ಅಂತ ಗೊತ್ತಾದರೆ ಪಾಯದ ಡ್ರಾಯಿಂಗ್, ಕೆಲಸ ಮಾಡುವಾಗಿನ ಫೋಟೋ ಕೇಳಿ. ಕೊಡದಿದ್ದರೆ ಆ ಮನೆ ಬಿಡಿ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. 500 ಚದರ ಮೀಟರ್‌ಗಿಂತ ಜಾಸ್ತಿ ಇಲ್ಲದ ಜಾಗದಲ್ಲಿ ಕಟ್ಟುವ ಯೋಜನೆಗೆ ರೇರಾ (ಬಿಲ್ಡರುಗಳ ಮೇಲಿನ ರಿಯಲ್ ಎಸ್ಟೇಟ್ ಕಾಯ್ದೆ) ನೋಂದಣಿ ಕಡ್ಡಾಯ ಅಲ್ಲ. ನಮ್ಮ ಲೆಕ್ಕದಲ್ಲಿ ಅದು ಹನ್ನೆರಡು ಸೆಂಟ್ಸಿಗಿಂತ ಸ್ವಲ್ಪ ಮೇಲೆ. ಹಳೇ ಏರಿಯಾದ ಇಂಥ ಜಾಗಗಳು ಎಷ್ಟೋ ಅದರೊಳಗೇ ಬರುತ್ತವೆ. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ ನಮ್ಮಿಂದ ಹಣ ತೆಗೆದುಕೊಳ್ಳದೆ ಸರಿಮಾಡಿ ಕೊಡಬೇಕು ಅಂತ ರೇರಾ ಕಾಯ್ದೆಯಲ್ಲಿ ಉಂಟು. ಆದರೆ ನೋಂದಣಿಯೇ ಇಲ್ಲದ ಮನೆಗೆ ಅದನ್ನು ಹಿಡಿದು ಜಗಳ ಮಾಡುವುದು ಸುಲಭವಿಲ್ಲ. ಅದಕ್ಕೇ ಅದೇ ಮಾತನ್ನು ಅಗ್ರಿಮೆಂಟಿನಲ್ಲಿ ಬರೆಸಿ: 5 ವರ್ಷ, ಪಾಯ, ಗೋಡೆ, ಸ್ಲ್ಯಾಬ್, ಸೋರುವಿಕೆ. ಬಾಯಿ ಮಾತು ನಂಬಬೇಡಿ.

ಓಣಿಯ ವಿಷಯವೂ ನೋಡಿಕೊಳ್ಳಿ. ದಾರಿ ಎಷ್ಟು ಅಡಿ, ಕಾರು ಹೋಗುವ ಹಕ್ಕು ಪತ್ರದಲ್ಲಿ ಬರೆದಿದೆಯಾ, ಅಥವಾ ಇನ್ನೊಬ್ಬರ ಜಾಗದಲ್ಲಿ ಸುಮ್ನೆ ಬಿಟ್ಟದ್ದಾ. ಜಾಗ ಮೂಲಗೇಣಿಯದ್ದಾದರೆ (ಅಂದರೆ ಮೂಲ ಮಾಲೀಕರಿಂದ ಶಾಶ್ವತ ಗೇಣಿಗೆ ಪಡೆದದ್ದು) ನಿಮ್ಮದೇ ವಕೀಲರಿಗೆ ತೋರಿಸಿ, ಬಿಲ್ಡರ್ ಹೇಳಿದ ವಕೀಲರಿಗಲ್ಲ. ಪಾಲಿಕೆಯ ಕಂಪ್ಲೀಷನ್ ಸರ್ಟಿಫಿಕೇಟ್ ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ. ಆದಷ್ಟು ಮಟ್ಟಿಗೆ ಜುಲೈಯಲ್ಲಿ ಮನೆ ನೋಡಿ, ಜೋರು ಮಳೆ ಬರುವಾಗ.

ಈಗಾಗಲೇ ಕೊಂಡು ಬಿರುಕು ಕಂಡವರಿಗೆ: ಬಿಲ್ಡರ್ ಪುಟ್ಟಿ ಡಬ್ಬಿ ಹಿಡಿದು ಬಂದರೆ ಒಳಗೆ ಬಿಡಬೇಡಿ. ಮೊದಲು ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ, ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ವಾರವಾರ ನೋಡಿ. ಮುಂದೆ ಹೋಗುತ್ತಿದ್ದರೆ ಅದು ಬರೀ ಪ್ಲಾಸ್ಟರಿನ ಬಿರುಕು ಅಲ್ಲದಿರಬಹುದು. ಸ್ವಂತ ಎಂಜಿನಿಯರ್ ವರದಿ ತೆಗೆದುಕೊಂಡು ವಕೀಲರ ಮೂಲಕ ರಿಜಿಸ್ಟರ್ಡ್ ನೋಟಿಸ್ ಕಳಿಸಿ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಕಾಯ್ದೆಯಲ್ಲಿ 2 ವರ್ಷದ ಗಡುವು ಉಂಟು. ಬಿಲ್ಡರ್ "ಮಳೆ ಬಿಡಲಿ, ದೀಪಾವಳಿ ಕಳೆಯಲಿ" ಅಂತ ದಿನ ದೂಡಿದರೂ ಆ ಗಡುವು ನಿಮಗಾಗಿ ಕಾಯುವುದಿಲ್ಲ.